ಕುಂಕುಮದ ಚೆಂಡು

ಟೀವಿಯಲ್ಲಿ ಬೇಸ್‌ಬಾಲ್ ನಡೆಯುತ್ತಿರುವಾಗ ನಾನು ಎದ್ದು ಹೋಗಿ ನೀರು ಕುಡಿಯುವುದಿಲ್ಲ. ಗಂಟಲು ಒಣಗಿದರೂ ಸರಿ, ನಮ್ಮ ತಂಡ ಬ್ಯಾಟ್ ಮಾಡುತ್ತಿರುವಷ್ಟು ಹೊತ್ತು ಸೋಫಾದ ಎಡತುದಿಯಲ್ಲಿ ಬಲಗಾಲು ಮಡಿಸಿಕೊಂಡು ಕೂತೇ ಇರುತ್ತೇನೆ. ಹಾಗೆ ಕೂತಿದ್ದಾಗ ಎಂದೋ ಒಮ್ಮೆ ತಂಡ ಗೆದ್ದಿತ್ತು, ಅಷ್ಟೇ ಕಾರಣ. ಮೊನ್ನೆ ನನ್ನ ಮೊಣಕಾಲಿನ ಡಾಕ್ಟರು, ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಕೂರಬೇಡಿ ಎಂದರು. "ಆಟ ಮುಗಿಯುವವರೆಗಾದರೂ?" ಎಂದು ಕೇಳಿದೆ. ಆತ ಎದುರು ತಂಡದ ಅಭಿಮಾನಿಯಂತೆ. ಔಷಧಿ ಬರೆದುಕೊಟ್ಟರೂ ಸಹಾನುಭೂತಿ ತೋರಿಸಲಿಲ್ಲ.

ಈ ವಿದ್ಯೆಯನ್ನು ನಾನು ಅಮೆರಿಕದಲ್ಲಿ ಕಲಿತದ್ದಲ್ಲ. ಮೈಸೂರಿನಲ್ಲಿ ನಾನು ಚಿಕ್ಕವಳಿದ್ದಾಗ ರೇಡಿಯೋದಲ್ಲಿ ಕ್ರಿಕೆಟ್ ಕಾಮೆಂಟರಿ ಬರುತ್ತಿತ್ತು. ನಮ್ಮ ಚಿಕ್ಕಪ್ಪ ಒಮ್ಮೆ ಬಾಗಿಲ ಹೊಸ್ತಿಲ ಮೇಲೆ ನಿಂತಿದ್ದಾಗ ಎದುರಾಳಿಯ ವಿಕೆಟ್ ಬಿತ್ತು. ಅಂದು ಸಂಜೆಯವರೆಗೆ ಯಾರೂ ಅವರನ್ನು ಹೊಸ್ತಿಲಿಂದ ಕದಲಲು ಬಿಡಲಿಲ್ಲ, ಕಾಫಿಯನ್ನೂ ಅಲ್ಲಿಗೇ ತಂದುಕೊಟ್ಟರು. ಹೊಸ್ತಿಲ ಮೇಲೆ ನಿಲ್ಲಬಾರದು ಎಂಬ ಶಾಸ್ತ್ರವನ್ನು ಅಂದು ನನ್ನ ಅಜ್ಜಿಯೇ ಸಡಿಲಿಸಿದ್ದರು. ಆ ಹುಚ್ಚು ನನ್ನ ಸಾಮಾನಿನ ಜೊತೆ ವಿಮಾನ ಹತ್ತಿ ಬಂತು. ಅದಕ್ಕೆ ವೀಸಾ ಕೂಡ ಬೇಕಾಗಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ನಾವು ನ್ಯೂಜೆರ್ಸಿಯ ಫೋರ್ಟ್ ಲೀಯ ಅಪಾರ್ಟ್‌ಮೆಂಟಿಗೆ ಬಂದೆವು. ಅಡುಗೆಮನೆಯ ಕಿಟಕಿಯಿಂದ ಕುತ್ತಿಗೆ ತಿರುಗಿಸಿದರೆ ನ್ಯೂಯಾರ್ಕಿಗೆ ಹೋಗುವ ದೊಡ್ಡ ಸೇತುವೆಯ ಒಂದು ಚೂರು ಕಾಣುತ್ತಿತ್ತು. ಬಾಡಿಗೆ ಕಟ್ಟುವಾಗ ನಾವು ಆ ಚೂರನ್ನು ನೆನೆದು ಸಮಾಧಾನಪಟ್ಟುಕೊಳ್ಳುತ್ತಿದ್ದೆವು. ನಮ್ಮವರು ಧಾರವಾಡದವರು, ಕೆಮಿಕಲ್ ಎಂಜಿನಿಯರ್, ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಊಟದ ಹೊತ್ತಿಗೆ ಎಲ್ಲರೂ ಬೇಸ್‌ಬಾಲ್ ಬಿಟ್ಟರೆ ಬೇರೆ ಮಾತಾಡುತ್ತಿರಲಿಲ್ಲ. ಚಿತ್ರಾನ್ನದ ಡಬ್ಬಿ ಬಿಚ್ಚಿಕೊಂಡು ಮೂಕರಂತೆ ಕೂತು ಬೇಸತ್ತ ಇವರು ಪೇಪರಿನ ಆಟದ ಪುಟ ಓದತೊಡಗಿದರು. ಬಾಯಿಪಾಠ ಮಾಡುವುದರಲ್ಲಿ ನಮ್ಮ ದೇಶದವರನ್ನು ಮೀರಿಸುವವರುಂಟೇ? ಒಂದು ಬೇಸಿಗೆ ಕಳೆಯುವುದರೊಳಗೆ, ಯಾರ ಬ್ಯಾಟಿಂಗ್ ಸರಾಸರಿ ಎಷ್ಟು ಎಂದು ಆ ಊರಿನವರೇ ಇವರನ್ನು ಕೇಳುವಂತಾಯಿತು.

ಅಪ್ಪನಿಂದ ಈ ರೋಗ ಮಗಳು ಉಷಾಳಿಗೆ ಹತ್ತಿತು. ಮೂರು ವರ್ಷದವಳಿದ್ದಾಗ ನಮ್ಮ ಜೊತೆ ಬಂದವಳು, ಶಾಲೆಗೆ ಸೇರಿದ ಮೇಲೆ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಗೊಂಬೆ ಕೊಡಿಸಿದರೆ ಅದನ್ನು ಗೋಡೆಗೆ ಒರಗಿಸಿ ಅಂಪೈರ್ ಮಾಡುತ್ತಿದ್ದಳು. ನನ್ನ ವಿಷಯ ಹೇಳುವುದಾದರೆ, ಆ ಆಟದ ನಿಯಮಗಳು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಅಭಿಮಾನಕ್ಕೆ ಅದೇನೂ ಅಡ್ಡಿಯಲ್ಲ. ಸಂಗೀತ ಕಛೇರಿಗಳ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವ ಎಷ್ಟೋ ಜನರನ್ನು ನಾನು ಮೈಸೂರಿನಲ್ಲಿ ನೋಡಿದ್ದೇನೆ. ತಂಡದ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಓದುವುದನ್ನು ನಿಲ್ಲಿಸಿಯಾರು.

ಎಪ್ಪತ್ತರ ದಶಕದ ನಡುವಿನಲ್ಲಿ ಒಂದು ವಸಂತಕ್ಕೆ ನಮ್ಮ ಅತ್ತೆ ಧಾರವಾಡದಿಂದ ಬಂದರು. ಮಾವನವರು, ನೆಲದ ಮೇಲೆ ಹೋಗುವುದಾದರೆ ಬರುತ್ತೇನೆ ಎಂದು ಹೇಳಿ ಊರಲ್ಲೇ ಉಳಿದರು. ಹಗಲು ಇವರು ಕಾರ್ಖಾನೆಗೆ, ಉಷಾ ಶಾಲೆಗೆ, ನಾನು ಆಸ್ಪತ್ರೆಯ ಲ್ಯಾಬೊಂದರ ಕೆಲಸಕ್ಕೆ. ಅತ್ತೆಗೆ ಜೊತೆ ಟೀವಿ. ಮಧ್ಯಾಹ್ನದ ಧಾರಾವಾಹಿಗಳನ್ನು ಅವರು ನೋಡಲು ನೋಡಿದರು. ಅದರಲ್ಲಿ ಜನ ಮಾತುಮಾತಿಗೆ ತಬ್ಬಿಕೊಳ್ಳುವುದು, ತಬ್ಬಿಕೊಂಡವರೇ ಆಮೇಲೆ ಅಳುವುದು ಅವರಿಗೆ ಹಿಡಿಸಲಿಲ್ಲ. ಗುಂಡಿ ತಿರುಗಿಸಿದರು. ಹಸಿರು ಮೈದಾನ ಬಂತು. ನಾನು ಕೆಲಸದಿಂದ ಬಂದು ನೋಡಿದರೆ ಅತ್ತೆ ಟೀವಿಯ ಮುಂದೆ ಕೂತು ಹೂಬತ್ತಿ ಹೊಸೆಯುತ್ತ ಮುಗುಳ್ನಗುತ್ತಿದ್ದರು.

"ಏನ್ ನೋಡ್ತಿದೀರಿ ಅತ್ತೆ?"

"ಆ ಮಾರೀಗೆ ಜಾಳಗಿ ಕಟಗೊಂಡಾಂವ ಇದ್ದಾನ ನೋಡು. ಬಂದಾಗಿಂದ ನೋಡಲಿಕ್ಕತ್ತೀನಿ, ಈ ದೇಶದಾಗ ಕುಕ್ಕರಗಾಲಿಲೆ ಕೂಡಲಿಕ್ಕೆ ಬರೂದು ಇವನೊಬ್ಬಗಽ."

ಅವರು ಹೇಳಿದ್ದು ಕ್ಯಾಚರ್‌ನ ವಿಷಯ. ಚೆಂಡು ಎಸೆಯುವವನ ಎದುರಿಗೆ, ಬ್ಯಾಟ್ ಹಿಡಿದವನ ಬೆನ್ನ ಹಿಂದೆ, ಮುಖಕ್ಕೆ ಕಂಬಿಯ ಮುಖವಾಡ ಹಾಕಿಕೊಂಡು ಆಟವಿಡೀ ಕುಕ್ಕರಗಾಲಿನಲ್ಲಿ ಕೂರುವ ಪಾಪದ ಪ್ರಾಣಿ. ನಮ್ಮ ತಂಡದ ಆ ಕ್ಯಾಚರ್ ದೊಡ್ಡ ಹೆಸರು ಮಾಡಿದವನಲ್ಲ. ಬ್ಯಾಟ್ ಹಿಡಿದರೆ ಬೇಗನೆ ವಾಪಸ್ಸು ಬರುತ್ತಿದ್ದ. ಆದರೆ ಅಂದಿನಿಂದ ಅತ್ತೆಗೆ ಅವನೇ ಮನೆಮಗ. ಅವನ ಬೆರಳ ಸನ್ನೆ, ಅದಕ್ಕೆ ಎಸೆಯುವವನು ತಲೆಯಲ್ಲಾಡಿಸಿ ಬೇಡವೆನ್ನುವುದು, ಇವನು ಮತ್ತೆ ಬೇರೆ ಬೆರಳು ತೋರಿಸುವುದು, ಇದನ್ನೆಲ್ಲ ನೋಡಿ ಅತ್ತೆ, "ಇವ ಒಂದು ಹೇಳತಾನ, ಅವ ಒಲ್ಲೆ ಅಂತಾನ. ಸಂಸಾರನಽ ನಡಸ್ಯಾರ" ಎನ್ನುತ್ತಿದ್ದರು.

ಉಳಿದ ಪಾಠವನ್ನು ಉಷಾ ಮಾಡಿದಳು. ಶಾಲೆಯಿಂದ ಬಂದವಳೇ ಅಜ್ಜಿಯ ಪಕ್ಕ ಕೂತು ಅರ್ಧ ಇಂಗ್ಲಿಷು, ಅರ್ಧ ಕನ್ನಡದಲ್ಲಿ ವಿವರಿಸುವಳು. ಅಜ್ಜಿ ಅದನ್ನು ಪೂರ್ತಿ ಧಾರವಾಡದ ಕನ್ನಡಕ್ಕೆ ತಿರುಗಿಸಿ ನನಗೆ ಹೇಳುವರು. ಹನ್ನೊಂದು ವರ್ಷದ ಹುಡುಗಿಯ ಬಾಯಲ್ಲಿ ನಾನು ಎಷ್ಟು ಹೆಣಗಿದರೂ ಬಾರದಿದ್ದ ಕನ್ನಡ ಆ ಬೇಸಿಗೆಯಲ್ಲಿ ತಾನಾಗಿ ಬಂತು. ಬಂದದ್ದು ಮಾತ್ರ ನನ್ನ ಮೈಸೂರು ಕನ್ನಡವಲ್ಲ. ಒಂದು ದಿನ ಊಟಕ್ಕೆ ಕರೆದರೆ "ಅಮ್ಮಾ, ವೇಟ್, ಈಗ ಏಳಬ್ಯಾಡಂದ್ರ ಅಜ್ಜಿ" ಎಂದಳು. ಎದ್ದರೆ ವಿಕೆಟ್ ಬೀಳುತ್ತದೆ ಎಂಬ ಸಿದ್ಧಾಂತ ಧಾರವಾಡದಲ್ಲೂ ಇತ್ತೆಂದು ನನಗೆ ಆಗ ತಿಳಿಯಿತು. ಅನ್ನ ಆರಿದರೂ ನಾನೂ ಹೋಗಿ ಸೋಫಾದ ತುದಿಯಲ್ಲಿ ಕೂತೆ.

ಆಗಸ್ಟಿನಲ್ಲಿ ನಾಲ್ವರೂ ಆಟ ನೋಡಲು ಹೋದೆವು. ಅತ್ತೆ ಚಪಾತಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿದ್ದರು. ಅಕ್ಕಪಕ್ಕದವರ ಹಾಟ್‌ಡಾಗಿನ ವಾಸನೆಗೆ ಸೆರಗು ಮೂಗಿಗೆ ಹಿಡಿದು, ಕಣ್ಣು ಮಾತ್ರ ಕ್ಯಾಚರ್‌ನ ಮೇಲಿಟ್ಟು ಕೂತಿದ್ದರು. ಆಟದ ಮಧ್ಯೆ ಯಾರೋ ಅಡ್ಡಾದಿಡ್ಡಿ ಹೊಡೆದ ಚೆಂಡು ನಮ್ಮ ಹಿಂದಿನ ಸಾಲಿಗೆ ಬಂದು ಬಿತ್ತು. ದೊಡ್ಡವರು ತಡಬಡಾಯಿಸುತ್ತಿದ್ದಂತೆ ಉಷಾ ಬೆಂಚುಗಳ ಕೆಳಗೆ ನುಸುಳಿ ಅದನ್ನು ಹಿಡಿದು ತಂದಳು. ಆಟ ಮುಗಿದ ಮೇಲೆ ಆಟಗಾರರು ಹೊರಬರುವ ಗೇಟಿನ ಬಳಿ ಅಪ್ಪ ಮಗಳು ಕಾದು ನಿಂತರು, ಅವರ ಹಿಂದೆ ನಾನು, ಅತ್ತೆ. ದೊಡ್ಡ ದೊಡ್ಡವರು ತಲೆ ತಗ್ಗಿಸಿ ಕಾರು ಹತ್ತಿ ಹೋದರು. ಕೊನೆಗೆ ಬಂದ ಕ್ಯಾಚರ್ ಮಾತ್ರ ನಿಂತು, ಬಾಲ್‌ಪೆನ್ನಿನಲ್ಲಿ ಚೆಂಡಿನ ಮೇಲೆ ಸಹಿ ಹಾಕಿಕೊಟ್ಟ. ಅತ್ತೆ ಅವನಿಗೆ ಕೈಮುಗಿದರು. ಅವನಿಗೇನು ತೋಚಿತೋ, ಟೋಪಿ ತೆಗೆದು ತಲೆ ಬಾಗಿಸಿದ.

"ಶಾಣ್ಯಾ ಇದ್ದಾನ, ಯಾರ ಮಗನೋ" ಎಂದರು ಅತ್ತೆ.

ಉಷಾ ಆ ಚೆಂಡನ್ನು ತನ್ನ ಪುಸ್ತಕದ ಕಪಾಟಿನ ಮೇಲೆ ಇಟ್ಟಳು. ಯಾರೂ ಮುಟ್ಟುವ ಹಾಗಿಲ್ಲ. ಧೂಳು ಒರೆಸಲು ಹೋದ ನನಗೆ ಒಂದು ಸಲ ಬೈಗಳು ಬಿತ್ತು. ಅವಳೇ ದಿನಕ್ಕೊಮ್ಮೆ ಹತ್ತಿರ ಹೋಗಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ಸಹಿಯನ್ನು ಓದಿ ಬರುತ್ತಿದ್ದಳು.

ಬೇಸ್‌ಬಾಲಿನ ದೊಡ್ಡ ಪಂದ್ಯಗಳು ಇಲ್ಲಿ ನಡೆಯುವುದು ಅಕ್ಟೋಬರಿನಲ್ಲಿ. ಆ ವರ್ಷ ನಮ್ಮ ತಂಡ ಎಂದಿನಂತೆ ಅದಕ್ಕೆ ಮೊದಲೇ ಗಂಟುಮೂಟೆ ಕಟ್ಟಿತ್ತು. ಅಕ್ಟೋಬರಿನಲ್ಲಿ ನಮಗೆ ಉಳಿದದ್ದು ನವರಾತ್ರಿ. ನಮ್ಮ ಮೈಸೂರಿನ ಆಯುಧಪೂಜೆಯನ್ನು ಅತ್ತೆಯ ಕಡೆ ಖಂಡೇಪೂಜೆ ಎನ್ನುತ್ತಾರೆ. ಆ ದಿನ ನಾವು ಕೆಲಸಕ್ಕೆ ಹೋಗಿ ಬರುವುದರೊಳಗೆ ಅತ್ತೆ ಮನೆಯ ಉಪಕರಣಗಳನ್ನೆಲ್ಲ ದೇವರ ಮುಂದೆ ಸಾಲಾಗಿ ಜೋಡಿಸಿದ್ದರು. ಈಳಿಗೆಮಣೆ, ಕತ್ತರಿ, ಮಿಕ್ಸರು, ನಮ್ಮವರು ಲೆಕ್ಕ ಹಾಕುವ ಸ್ಲೈಡ್ ರೂಲು, ನನ್ನ ಹೊಲಿಗೆಯ ಡಬ್ಬಿ. ಟೀವಿಯನ್ನು ಎತ್ತಲಾಗದೆ ಇದ್ದಲ್ಲೇ ಕುಂಕುಮ ಹಚ್ಚಿದ್ದರು. ಸಂಜೆ ಕೆಳಗಿಳಿದು ಹೋಗಿ ಕಾರಿನ ಗಾಲಿಗಳಡಿ ನಿಂಬೆಹಣ್ಣು ಇಡಿಸಿದಾಗ ಬಿಲ್ಡಿಂಗಿನ ಉಸ್ತುವಾರಿಯವನು, ಇದರಿಂದ ಮೈಲೇಜ್ ಹೆಚ್ಚುತ್ತದೆಯೇ ಎಂದು ಗಂಭೀರವಾಗಿ ಕೇಳಿದ್ದ. ಆದರೆ ಅದು ಆಮೇಲಿನ ಮಾತು. ನಾನು ಮನೆಗೆ ಬಂದಾಗ ಆ ಸಾಲಿನ ಕೊನೆಯಲ್ಲಿ ಉಷಾಳ ಬ್ಯಾಟು, ಗ್ಲೌಸು ಇದ್ದವು. ನಡುವೆ ವೀಳ್ಯದೆಲೆಯ ಮೇಲೆ ಆ ಚೆಂಡು.

ಅತ್ತೆ ಅದನ್ನು ಮೊದಲು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದ್ದರು. ಆಮೇಲೆ ಅರಿಶಿನ. ಅದರ ಮೇಲೆ, ಧಾರವಾಡದಿಂದ ತಂದ ಕುಂಕುಮವನ್ನು ನೀರಿನಲ್ಲಿ ಕಲಸಿ, ನಾಲ್ಕು ಕಡೆ ದೊಡ್ಡ ದೊಡ್ಡ ಬೊಟ್ಟು. ಸಹಿ ಇದ್ದ ಕಡೆ, ಅದು ಮುಖವೆಂದು ತಿಳಿದು, ಎಲ್ಲಕ್ಕಿಂತ ದೊಡ್ಡದು.

ಇದರಲ್ಲಿ ಅತ್ತೆಯ ತಪ್ಪೆಲ್ಲಿ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಉಷಾ ತನಗೆ ಪವಿತ್ರವಾದದ್ದನ್ನು ಮುಟ್ಟದೆ ಇಟ್ಟಿದ್ದಳು. ಅತ್ತೆಗೆ ಪವಿತ್ರವಾದದ್ದನ್ನು ಮುಟ್ಟದೆ ಇಡುವುದೇ ಅಪಚಾರ. ತೊಳೆಯದ, ಬಳಿಯದ, ಹೂ ಮುಡಿಸದ ದೇವರನ್ನು ಅವರು ಕಂಡಿರಲಿಲ್ಲ. ಮೊಮ್ಮಗಳು ದಿನವೂ ಬಗ್ಗಿ ನೋಡುವ ವಸ್ತುವಿಗೆ ವರ್ಷಕ್ಕೊಮ್ಮೆಯಾದರೂ ಪೂಜೆ ಬೇಡವೇ?

ಉಷಾ ಬಂದಳು, ನೋಡಿದಳು. ಕಿರುಚಿಯಾಳೆಂದು ನಾನು ಕಾದೆ. ಕಿರುಚಲಿಲ್ಲ. ಚೆಂಡನ್ನು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪೂಜೆಯ ಮಧ್ಯದಿಂದ ಒಂದು ವಸ್ತು ಎದ್ದು ಹೋದದ್ದನ್ನು ಕಂಡು ಅತ್ತೆ ಗಾಬರಿಯಾದರು. ನಾನು ವಿಷಯ ತಿಳಿಸಿದೆ. ಅಕ್ಷರ ಇದ್ದದ್ದು ಅವರಿಗೆ ಗೊತ್ತಿತ್ತು, ಅದು ಅಳಿಸಿ ಹೋಗುವಂಥದೆಂದು ಗೊತ್ತಿರಲಿಲ್ಲ. ಸಹಿ ಪೂರ್ತಿ ಹೋಗಿರಲಿಲ್ಲ. ಶಾಯಿ ಕದಡಿ, ಕುಂಕುಮದ ಕೆಂಪು ಚರ್ಮದೊಳಗೆ ಇಳಿದು, ಗೊತ್ತಿದ್ದವರು ಮಾತ್ರ ಓದಬಹುದಾದಷ್ಟು ಉಳಿದಿತ್ತು.

ರಾತ್ರಿ ನಮ್ಮವರು ಉಷಾಳಿಂದ ಚೆಂಡನ್ನು ಇಸಿದುಕೊಂಡು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. "ನಮಗ ಬಣ್ಣ ಹತ್ತಸೂದು ಗೊತ್ತು, ತಗಿಯೂದು ಗೊತ್ತಿಲ್ಲ" ಎಂದು ಒಪ್ಪಿಕೊಂಡರು. ನಾನು ನಿಂಬೆರಸ ಎಂದೆ. ಉಷಾ ನನ್ನನ್ನು ನೋಡಿದ ನೋಟಕ್ಕೆ ನಿಂಬೆಹಣ್ಣೇ ಹುಳಿ ಬಿಡುವಂತಿತ್ತು.

ಅಂದಿನಿಂದ ಅವಳು ಅಜ್ಜಿಯೊಡನೆ ಮಾತು ಬಿಟ್ಟಳು. ಒರಟಾಗಿ ನಡೆದುಕೊಂಡಳೆಂದು ಹೇಳಲಾರೆ. ತಟ್ಟೆ ಇಟ್ಟರೆ ಊಟ ಮಾಡುವಳು, ಅಜ್ಜಿ ಬಂದರೆ ದಾರಿ ಬಿಡುವಳು. ಆದರೆ ಸೋಫಾದಲ್ಲಿ ಅಜ್ಜಿಯ ಪಕ್ಕ ಕೂರಲಿಲ್ಲ. ಬೇರೆಯವರ ದೊಡ್ಡ ಪಂದ್ಯಗಳು ಟೀವಿಯಲ್ಲಿ ಬಂದವು, ಹೋದವು. ಅತ್ತೆ ಒಬ್ಬರೇ ಕೂತು ನೋಡಿದರು, ಯಾರನ್ನೂ ಏನೂ ಕೇಳಲಿಲ್ಲ. ನಾನು ಗದರಿಸಿ ನೋಡಿದೆ, ರಮಿಸಿ ನೋಡಿದೆ. "ಐ ಯಾಮ್ ನಾಟ್ ಮ್ಯಾಡ್ ಅಟ್ ಹರ್" ಎಂದಳು. ಸಿಟ್ಟಿದೆ ಎಂದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ.

ನವೆಂಬರಿನ ಮೊದಲಲ್ಲಿ ಅತ್ತೆ ಊರಿಗೆ ಹೊರಡುವುದಿತ್ತು. ಈಗಿನ ಹಾಗೆ ಬೇಕೆಂದಾಗ ಫೋನ್ ಹಚ್ಚಿ ಮುಖ ನೋಡುವ ಕಾಲವಲ್ಲ ಅದು. ಸಂಬಂಧಿಕರು ಸತ್ತರೆ ಮಾತ್ರ ಟ್ರಂಕ್ ಕಾಲ್. ಮತ್ತೊಮ್ಮೆ ಬರುವಷ್ಟು ಶಕ್ತಿ ತಮಗಿಲ್ಲವೆಂದು ಅತ್ತೆ ಮೊದಲೇ ಹೇಳಿದ್ದರು, ಅವರು ಹೇಳಿದಂತೆಯೇ ಮತ್ತೆ ಬರಲೂ ಇಲ್ಲ. ಒಂದು ಬೆಳಿಗ್ಗೆ ಚಪಾತಿ ಲಟ್ಟಿಸುತ್ತ ನನ್ನ ಕಡೆ ತಿರುಗದೆ ಅಂದರು:

"ಹುಡುಗಿ ಮಾರಿ ತಿರುವಿಕೊಂಡಿದ್ದಾಗ ನಾ ಹ್ಯಾಂಗ ಹೋಗಲೆ? ಹೋದರೂ ಅಲ್ಲೆ ಉಂಡದ್ದು ಮೈಗೆ ಹತ್ತೂದಿಲ್ಲ."

ಅವರ ಕಣ್ಣಲ್ಲಿ ನೀರಿರಲಿಲ್ಲ. ಚಪಾತಿ ಮಾತ್ರ ಅಂದು ಒಂದೂ ದುಂಡಗಾಗಲಿಲ್ಲ.

ನ್ಯೂಯಾರ್ಕ್ ರಾಜ್ಯದ ಮೇಲ್ಭಾಗದಲ್ಲಿ, ಸರೋವರದ ದಂಡೆಯ ಒಂದು ಚಿಕ್ಕ ಊರಲ್ಲಿ ಬೇಸ್‌ಬಾಲಿನ ಇತಿಹಾಸದ್ದೇ ಒಂದು ಮ್ಯೂಸಿಯಂ ಇದೆ. ಅತ್ತೆಯನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ನಮ್ಮವರು ಬೇಸಿಗೆಯಿಂದ ಹೇಳುತ್ತಲೇ ಇದ್ದರು. ಈಗ ಅತ್ತೆಯೇ ಹೊರಡಿಸಿದರು. "ನೂರು ವರ್ಷದ ಸಾಮಾನು ಇಟ್ಟಾರ ಅಂತೀದಿ. ಅಂಥಾ ಮಂದಿಗೆ ಬಣ್ಣಾ ತಗಿಯೂದೂ ಗೊತ್ತಿದ್ದೀತು. ಕೇಳೋಣ ನಡಿ." ಚೆಂಡನ್ನು ತರುತ್ತೀಯಾ ಎಂದು ಉಷಾಳನ್ನು ಕೇಳಿದೆ. ಭುಜ ಹಾರಿಸಿದಳು. ಹೊರಡುವಾಗ ನೋಡಿದರೆ ಒಗೆದ ಕಾಲುಚೀಲದೊಳಗೆ ಚೆಂಡನ್ನು ಹಾಕಿ ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

ಮುಂದಿನ ಸೀಟು ನನ್ನದು, ಮ್ಯಾಪ್ ನೋಡುವ ಕೆಲಸವೂ ನನ್ನದು. ಹಿಂದೆ ಕೂತು ಮ್ಯಾಪ್ ಓದಿದ್ದರಿಂದ ದಾರಿ ತಪ್ಪಿತು ಎಂದು ನಾನು ವಾದಿಸಿದೆ. ಮುಂದೆ ಕೂತಾಗಲೂ ತಪ್ಪುತ್ತಿತ್ತು ಎಂದು ನಮ್ಮವರು ನೆನಪಿಸಿದರು. ಹಾಗೆ ತಪ್ಪಿದ ದಾರಿಯಲ್ಲೇ ಒಂದು ಸೇಬಿನ ತೋಟದ ಪಕ್ಕ ನಿಲ್ಲಿಸಿ ಬುತ್ತಿ ಬಿಚ್ಚಿದೆವು. ಅತ್ತೆ ಸೀರೆಯ ಮೇಲೆ ಮಗನ ಕೋಟು, ತಲೆಗೆ ಉಣ್ಣೆಯ ಟೋಪಿ, ಕಾಲಿಗೆ ನನ್ನ ಹಳೆಯ ಕ್ಯಾನ್ವಾಸ್ ಬೂಟು ಹಾಕಿದ್ದರು. ಗಿಡದ ಎಲೆಗಳೆಲ್ಲ ಕೆಂಪು ಹಳದಿಯಾಗಿದ್ದವು. ಬೇರೆ ದಿನವಾಗಿದ್ದರೆ ಅತ್ತೆ ನೋಡಿ ಸಂತೋಷಪಡುತ್ತಿದ್ದರು. ಅಂದು ಅವರಿಗೆ ಆ ಎರಡು ಬಣ್ಣಗಳೇ ಬೇಡವಾಗಿದ್ದವು.

ಮ್ಯೂಸಿಯಂ ಚೊಕ್ಕಟವಾಗಿತ್ತು, ಬೆಚ್ಚಗಿತ್ತು. ನಮ್ಮವರು ಟಿಕೆಟ್ಟಿನ ಕಿಟಕಿಯಲ್ಲಿ ಚೆಂಡಿನ ವಿಷಯ ಕೇಳಿದರು. ಹಳೆಯ ವಸ್ತುಗಳನ್ನು ನೋಡಿಕೊಳ್ಳುವವರು ಊಟಕ್ಕೆ ಹೋಗಿದ್ದಾರೆ, ಅಷ್ಟರಲ್ಲಿ ನೋಡಿಕೊಂಡು ಬನ್ನಿ ಎಂದರು. ಗಾಜಿನ ಪೆಟ್ಟಿಗೆಗಳಲ್ಲಿ ಸವೆದ ಬ್ಯಾಟುಗಳು, ಕಂಬಳಿಯಷ್ಟು ದಪ್ಪದ ಉಣ್ಣೆಯ ಸಮವಸ್ತ್ರಗಳು. ಅತ್ತೆ ಪ್ರತಿಯೊಂದರ ಮುಂದೆಯೂ ನಿಂತು ಕೈಮುಗಿಯಲೋ ಬೇಡವೋ ಎಂದು ಅನುಮಾನಿಸಿ ಮುಂದೆ ಹೋಗುತ್ತಿದ್ದರು. ಉಷಾ ಅವರಿಗಿಂತ ಒಂದು ಪೆಟ್ಟಿಗೆ ಮುಂದೆಯೇ ಇರುತ್ತಿದ್ದಳು. ಹೀಗಾಗಿ, ಕೆಳಗೆ ಬರೆದ ವಿವರಗಳನ್ನು ಅತ್ತೆಗೆ ಓದಿ ಹೇಳುವ ಕೆಲಸ ನನಗೆ ಬಿತ್ತು. ನಮ್ಮವರಂತೂ ಅಂಕಿಸಂಖ್ಯೆಗಳ ಒಂದು ದೊಡ್ಡ ಫಲಕದ ಮುಂದೆ ನಿಂತವರು ಅಲ್ಲಿಂದ ಕದಲಲಿಲ್ಲ.

ಬೆರಳುಗಳಿಲ್ಲದ ಒಂದು ಪುಟ್ಟ ಚರ್ಮದ ಕೈಗವಸಿತ್ತು. "ಇದು ಚಳಿಗೆ ಹಾಕ್ಕೊಳ್ಳೋದು ಅತ್ತೆ" ಎಂದೆ. ಮುಂದಿನ ಪೆಟ್ಟಿಗೆಯಲ್ಲಿ ಕಂಬಿಯ ಜಾಳಿಗೆಯೊಂದು ತೂಗುತ್ತಿತ್ತು. ಓದಲು ಕನ್ನಡಕ ಹುಡುಕಿದೆ, ಅದು ಕಾರಿನಲ್ಲಿತ್ತು. "ಇದು... ಜೇನು ಬಿಡಿಸೋರು ಹಾಕ್ಕೊಳ್ತಾರಲ್ಲ, ಅಂಥದ್ದೇನೋ."

"ಆಟದಾಗ ಜೇನು ಯಾಕ ಬಿಡಸ್ತಾರ?" ಎಂದು ಕೇಳಿದರು ಅತ್ತೆ.

"ಆಗೆಲ್ಲ ಮೈದಾನದಲ್ಲಿ ಮರಗಳಿದ್ವೇನೋ."

ಬೇಕೆಂದೇ ಹಾಗೆ ಹೇಳಿದೆ ಎಂದು ಬರೆದುಕೊಂಡರೆ ನನಗೆ ಜಾಣೆಯೆಂಬ ಹೆಸರು ಬಂದೀತು. ಹಾಗೇನೂ ಇಲ್ಲ, ನನಗೆ ನಿಜವಾಗಿ ಗೊತ್ತಿರಲಿಲ್ಲ. ಆದರೆ ಮುಂದಿನ ಪೆಟ್ಟಿಗೆಯಿಂದ ಉಷಾ ತಿರುಗಿದಳು. ಮುಖ ಕೆಂಪಗಾಗಿತ್ತು.

"ಅಮ್ಮಾ! ಸ್ಟಾಪ್ ಇಟ್! ಯೂ ಆರ್ ಟೆಲಿಂಗ್ ಹರ್ ಆಲ್ ರಾಂಗ್!" ಆಮೇಲೆ ತಡೆಯಲಾಗದೆ, "ಅಜ್ಜಿ, ಅದು ಕ್ಯಾಚರ್‌ದು. ಫಸ್ಟ್ ಮಾಸ್ಕ್. ಕತ್ತಿ ಆಟಾ ಆಡೋರ ಮಾಸ್ಕ್ ನೋಡಿ ಮಾಡ್ಯಾರ" ಎಂದಳು.

ಅತ್ತೆ ನನ್ನ ಕೈಯನ್ನು ಮೆಲ್ಲಗೆ ಹಿಂದೆ ತಳ್ಳಿದರು, ನೀನು ಬಾಯಿ ಮುಚ್ಚಿಕೊಂಡಿರು ಎನ್ನುವಂತೆ. ನಾನು ಹಿಂದೆ ಸರಿದೆ. ಉಷಾ ಮುಂದಿನದನ್ನೂ ಓದಿ ಹೇಳಿದಳು, ಅದರ ಮುಂದಿನದನ್ನೂ. ಅವಳ ಕಣ್ಣು ಗಾಜಿನ ಮೇಲೆ, ದನಿ ಪಾಠ ಒಪ್ಪಿಸುವ ದನಿ. ಅಜ್ಜಿಯ ಮುಖ ನೋಡುತ್ತಿರಲಿಲ್ಲ. ಒಂದು ತಪ್ಪನ್ನು ಸಹಿಸಲಾಗದ ಹುಡುಗಿ ಮಾತಾಡುತ್ತಿದ್ದಳೇ ಹೊರತು ರಾಜಿಯಾದ ಮೊಮ್ಮಗಳಲ್ಲ.

ಒಂದು ಮೂಲೆಯಲ್ಲಿ ಬಹಳ ಹಳೆಯ ಚೆಂಡುಗಳಿದ್ದವು. ಕೆಲವಕ್ಕೆ ಬಂಗಾರದ ಬಣ್ಣ ಬಳಿದು, ಅದರ ಮೇಲೆ ಕಪ್ಪು ಅಕ್ಷರ ಬರೆದಿತ್ತು.

"ಇದಕ್ಕ್ಯಾಕ ಬಣ್ಣಾ ಹಚ್ಯಾರ?" ಅತ್ತೆಯ ದನಿ ಸಣ್ಣದಾಗಿತ್ತು.

"ಆವಾಗ ಗೆದ್ದೋರು ಬಾಲ್ ಮನಿಗೆ ಒಯ್ತಿದ್ರು. ಬಣ್ಣಾ ಹಚ್ಚಿ, ಸ್ಕೋರ್ ಬರೆದು ಇಡ್ತಿದ್ರು." ಉಷಾ ಸ್ವಲ್ಪ ತಡೆದು, "ಈಗೂ ಹೊಸಾ ಬಾಲಿಗೆ ಅಂಪೈರ್ ಮಣ್ಣು ಹಚ್ಚತಾರ. ಆಟದಕಿಂತ ಮೊದಲು. ನ್ಯೂಜೆರ್ಸಿದಽ ಒಂದು ಹಳ್ಳದ ಮಣ್ಣು. ಕೈಯಾಗ ಜಾರಬಾರದು ಅಂತ" ಎಂದಳು.

ಅಷ್ಟರಲ್ಲಿ ಬಂದು ನಿಂತಿದ್ದ ನಮ್ಮವರಿಗೆ ಖುಷಿಯಾಯಿತು. "ಕೇಳಿದ್ಯೇನವ್ವಾ? ಇವರೂ ಬಣ್ಣಾ ಹಚ್ಚತಾರ, ಮಣ್ಣು ಹಚ್ಚತಾರ. ನೀ ಕುಂಕುಮ ಹಚ್ಚಿದ್ದು ದೊಡ್ಡದಾತೇನು?" ತಾಯಿಯ ಕೇಸು ಗೆದ್ದ ವಕೀಲರ ಹಾಗೆ ಮಗಳ ಕಡೆ ನೋಡಿದರು.

ಅತ್ತೆ ತಲೆಯಲ್ಲಾಡಿಸಿದರು. "ಹಂಗನಬ್ಯಾಡೋ. ಅವರ ಚೆಂಡು, ಅವರು ಹಚ್ಚತಾರ. ನಾ ಕೇಳಲಾರದ ಮಂದಿ ಚೆಂಡಿಗೆ ಹಚ್ಚಿದೆ."

ಉಷಾ ಕಾಲುಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದಳು. ಧಾರವಾಡದವರು ಮಂದಿ ಎಂದರೆ ಪರರು, ಹೊರಗಿನವರು. ಆ ಬೇಸಿಗೆಯ ಕನ್ನಡದಲ್ಲಿ ಅವಳು ಆ ಮಾತನ್ನೂ ಕಲಿತಿದ್ದಳು.

ಹಳೆಯ ವಸ್ತುಗಳನ್ನು ನೋಡಿಕೊಳ್ಳುವವರು ಊಟ ಮುಗಿಸಿ ಬಂದಿದ್ದರು. ಟೈ ಕಟ್ಟಿದ, ಕನ್ನಡಕದ, ಮಧ್ಯವಯಸ್ಸಿನ ಮನುಷ್ಯ. ಒಂದು ಚಿಕ್ಕ ಕೋಣೆಯಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಕೂರಲು ಹೇಳಿದರು. ಉಷಾ ಚೆಂಡನ್ನು ತೆಗೆದು ಇಟ್ಟಳು. ಆ ಬಿಳಿಯ ಮೇಲೆ ಅದು ಇನ್ನೂ ಕೆಂಪಾಗಿ ಕಂಡಿತು. ನಮ್ಮವರು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಅತ್ತೆ ಕೈಯೆತ್ತಿ ತಡೆದರು.

"ನೀ ಬ್ಯಾಡ, ನೀ ಊರೆಲ್ಲಾ ಸುತ್ತಿ ಬರ್ತಿ. ನಿನ್ನ ಹೇಣ್ತೀಗೆ ಆಟಾ ತಿಳಿಯೂದಿಲ್ಲ. ಉಷಾ, ನೀನಽ ಹೇಳವ್ವಾ. ನಾ ಅಂದದ್ದು ಅಂದಂಗ ಹೇಳು."

ಉಷಾ ತಲೆಯೆತ್ತಿದಳು. ಅತ್ತೆ ಆ ಮನುಷ್ಯನ ಕಡೆ ತಿರುಗಿ, ಆತನಿಗೆ ಕನ್ನಡ ಬರುತ್ತದೆ ಎಂಬಷ್ಟು ನೆಚ್ಚಿಕೆಯಿಂದ, ನಿಧಾನವಾಗಿ ಹೇಳಿದರು. "ಇದು ಈ ಹುಡುಗೀ ಚೆಂಡು. ಆಕಿ ಜೀವ ಇಟಗೊಂಡಿದ್ದಳು. ನಾ ತಿಳೀಲಾರದ ಒರೆಸಿದೆ, ಕುಂಕುಮ ಹಚ್ಚಿದೆ, ಹಾಳು ಮಾಡಿದೆ. ತಪ್ಪು ನಂದು. ನಾ ಇನ್ನ ಊರಿಗೆ ಹೋಗಾಕಿ. ಹೋಗೂದರಾಗ ಈ ಕೆಂಪು ಹ್ಯಾಂಗರೆ ಮಾಡಿ ತಗದು ಕೊಡ್ರಿ. ನಿಮಗ ಪುಣ್ಯಾ ಬರ್ತದ." ಹೇಳಿ ಕೈಮುಗಿದರು.

ಆತ ಉಷಾಳ ಕಡೆ ನೋಡಿದರು. ನಾವೂ ನೋಡಿದೆವು. ಅವಳು ಖಾಲಿ ಕಾಲುಚೀಲವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಚೆಂಡನ್ನೇ ನೋಡುತ್ತಿದ್ದಳು. ಕನ್ನಡದಿಂದ ಇಂಗ್ಲಿಷಿಗೆ ತರಲು ತಡವರಿಸುತ್ತಿದ್ದಾಳೆಂದು ನಾನು ತಿಳಿದೆ, ಸಹಾಯಕ್ಕೆ ಬಾಯಿ ತೆರೆಯಲಿದ್ದೆ.

ಅವಳು ಇಂಗ್ಲಿಷಿನಲ್ಲಿ ಹೇಳಿದಳು: "ಇವರು ನನ್ನ ಅಜ್ಜಿ. ಈ ಕೆಂಪು ಇವರು ಹಚ್ಚಿದ್ದು. ನಮ್ಮಲ್ಲಿ ವರ್ಷಕ್ಕೊಂದು ದಿನ, ನಾವು ಬಹಳ ಇಷ್ಟಪಡುವ ವಸ್ತುಗಳಿಗೆ ಇದನ್ನು ಹಚ್ಚುತ್ತೇವೆ. ಇದು ಮಾಸಿಹೋಗದ ಹಾಗೆ ಇಡುವುದು ಹೇಗೆ ಎಂದು ಅಜ್ಜಿ ಕೇಳುತ್ತಿದ್ದಾರೆ."

ನಮ್ಮವರು ನನ್ನ ಕಡೆ ನೋಡಿದರು. ನನಗೆ ಕಣ್ಣು ತುಂಬಿ ಬಂದು ಅವರ ಮುಖ ಸರಿಯಾಗಿ ಕಾಣಲಿಲ್ಲ.

ಆ ಮನುಷ್ಯ ಚೆಂಡನ್ನು ಬಟ್ಟೆಯಿಂದಲೇ ಹಿಡಿದು ತಿರುಗಿಸಿ ನೋಡಿದರು. ಬಿಸಿಲು ತಾಗಿಸಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಒದ್ದೆ ಮಾಡಬೇಡಿ ಎಂದರು. ಅಷ್ಟು ಮಾಡಿದರೆ ಬಹಳ ಕಾಲ ಉಳಿಯುತ್ತದೆ, ಶಾಯಿಗಿಂತ ಇದೇ ಹೆಚ್ಚು ಬಾಳಬಹುದು ಎಂದರು.

ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಏನಂದ್ರು? ಹೋಗತದಂತೇನು?"

"ಇಲ್ಲಜ್ಜಿ" ಎಂದಳು ಉಷಾ. "ಹೋಗೂದಿಲ್ಲಂತ."

ಅತ್ತೆಯ ಮುಖ ಇಳಿದುಹೋಯಿತು. ಉಷಾ ಚೆಂಡನ್ನು ಕಾಲುಚೀಲದೊಳಗೆ ಹಾಕಿ, ಅಜ್ಜಿಯ ಕೈ ಹಿಡಿದು ಎಳೆದು ಅದರಲ್ಲಿ ಇಟ್ಟಳು.

"ಕಾರಿನ ತನಕಾ ನೀವಽ ಹಿಡಕೋರಿ. ಸೆರಗು ಮುಚ್ಚರಿ ಮತ್ತ, ಹೊರಗ ಬಿಸಲದ."